ಎಂಟು ಮಳೆಗಾಲ ಕಂಡ ಮಾನಿಟರ್, ಅದರೊಳಗೊಂದು ಹುಳ

ತೀರ್ಥಹಳ್ಳಿಯಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ, ಇಷ್ಟರಲ್ಲೇ ನಮ್ಮ ಜೀವನ. 2017ರ ದಸರಾಕ್ಕೆ ಶಿವಮೊಗ್ಗದಿಂದ ತಂದ 24 ಇಂಚಿನ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಎಲ್‌ಸಿಡಿ) ಮಾನಿಟರ್ ಮುಂದೆ ದಿನಕ್ಕೆ ಎಂಟೊಂಬತ್ತು ಗಂಟೆ ಕೂರುತ್ತೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನನ್ನ ದೂರು ಒಂದು ಕಂಪನಿಯ ಮೇಲಲ್ಲ, ಎಲ್‌ಸಿಡಿ ಪರದೆಗಳ ಜಾತಿಯ ಮೇಲೆ. ರೆಸಲ್ಯೂಶನ್ ಎಷ್ಟು, ಪೋರ್ಟ್ ಯಾವುದು ಎಂಬುದೆಲ್ಲ ಡಬ್ಬದ ಮೇಲೇ ಇರುತ್ತದೆ, ನೋಡಿಕೊಳ್ಳಿ.

ದೂರು ಇಷ್ಟೇ: ಇದರೊಳಗೆ ಹುಳ ಹೋಗುತ್ತದೆ.

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಹಿಡಿಯಿತೆಂದರೆ ಸಂಜೆ ದೀಪ ಹಾಕುವುದೇ ತಡ, ಎಲ್ಲೆಲ್ಲಿಂದಲೋ ಹುಳಗಳು. ದೊಡ್ಡವನ್ನು ಪೊರಕೆಯಲ್ಲಿ ಗುಡಿಸಬಹುದು. ಸಾಸಿವೆಯ ಕಾಲುಭಾಗವೂ ಇಲ್ಲದ, ಗೀಟಿನಂತೆ ಸಣ್ಣಗೆ ಉದ್ದಗಿನ ಹುಳಗಳಿವೆಯಲ್ಲ, ಅವು ಮಾನಿಟರಿನ ಹಿಂದಿನ ಗಾಳಿಕಿಂಡಿಯಿಂದಲೋ ಅಂಚಿನ ಸಂದಿನಿಂದಲೋ ಒಳಗೆ ಹೊಕ್ಕು, ಮುಂದಿನ ಪ್ಯಾನಲ್ಲಿಗೂ ಅದರ ಹಿಂದೆ ಬೆಳಕು ಹರಡುವ ಹಾಳೆಗಳಿಗೂ ನಡುವೆ ಓಡಾಡಿಕೊಂಡಿರುತ್ತವೆ. ಬೆಳಕೂ ಬೆಚ್ಚಗೂ ಇರುವ ಜಾಗ, ಅವಕ್ಕೆ ಇನ್ನೇನು ಬೇಕು.

2019ರ ಜುಲೈಯಲ್ಲಿ ಮೊದಲ ಸಲ ಕಂಡಾಗ ಪರದೆಯ ಮೇಲಿದೆ ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಉಗುರಿನಲ್ಲಿ ಕೆರೆದೆ, ಅದು ಉಗುರಿನ ಕೆಳಗೇ ನಡೆದುಹೋಯಿತು. ಸಿಟ್ಟು ಬಂದು ಹೆಬ್ಬೆರಳಿನಲ್ಲಿ ಒತ್ತಿಬಿಟ್ಟೆ. ಅಲ್ಲೇ ಸತ್ತಿತು. ಪರದೆಯ ನಡುವಿನಿಂದ ನಾಲ್ಕು ಬೆರಳು ಬಲಕ್ಕೆ, ಅಚ್ಚುಕಟ್ಟಾದ ಒಂದು ಕಪ್ಪು ಚುಕ್ಕೆ. ಒತ್ತದೆ ಬಿಟ್ಟಿದ್ದರೆ ತಾನಾಗಿಯೇ ಹೊರಗೆ ಬರುತ್ತಿತ್ತೇನೋ. ಜಜ್ಜಿದರೆ ಹಾಳೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಪ್ಯಾನಲ್ ಬಿಚ್ಚಿಸದೆ ಗತಿಯಿಲ್ಲ. ಬಿಚ್ಚಿದರೆ ಒಳಗೆ ಧೂಳು ಸೇರಬಹುದು, ಪ್ಯಾನಲ್ಲೇ ಬಿರುಕು ಬಿಡಬಹುದು. ಹೊಸ ಪ್ಯಾನಲ್ ಹಾಕಿಸುವ ದುಡ್ಡಿಗೆ ಹೊಸ ಮಾನಿಟರ್ರೇ ಬರುತ್ತದೆ.

ಚುಕ್ಕೆ ತಾನೇ, ಇದ್ದರೆ ಇರಲಿ ಅಂತ ಸುಮ್ಮನಾದೆ. ಮಾರನೇ ವರ್ಷ ಒಂದು ಲಗ್ನಪತ್ರಿಕೆ. 12.15ರ ಅಭಿಜಿನ್ ಲಗ್ನ. ನಾನು ಟೈಪ್ ಮಾಡಿದ್ದು 1215, ಚುಕ್ಕೆ ಬಿಟ್ಟುಹೋಗಿತ್ತು. ಪೂರ್ತಿ ಪುಟ ಪರದೆಗೆ ಹೊಂದುವಂತೆ ಇಟ್ಟುಕೊಂಡು ಪ್ರೂಫ್ ನೋಡುವುದು ನನ್ನ ಅಭ್ಯಾಸ. ಹಾಗೆ ಇಟ್ಟಾಗ ಆ ಹುಳ ಸರಿಯಾಗಿ 12ಕ್ಕೂ 15ಕ್ಕೂ ನಡುವೆ ಕೂತಿತ್ತು. ನಾನೂ ನೋಡಿದೆ, ಹುಡುಗಿಯ ಅಪ್ಪನೂ ಪಕ್ಕದಲ್ಲಿ ಕೂತು ಓದಿ ಸರಿ ಇದೆ ಅಂದರು. ಕಾರ್ಡು ಅಚ್ಚಾದ ಮೇಲೆ ಅವರೇ ಬಂದು, "ಎಂತದು ತಂಗಿ ಇದು, ಮುಹೂರ್ತ ಸಾವಿರದ ಇನ್ನೂರ ಹದಿನೈದು ಗಂಟೆಗಾ?" ಅಂದರು. ಪುಣ್ಯಕ್ಕೆ ನಗುತ್ತಲೇ ಅಂದರು. ನಾನೂರು ಕಾರ್ಡು ಮತ್ತೆ ಹೊಡೆಸಿದ ಖರ್ಚು ನನ್ನ ತಲೆಗೇ ಬಂತು. ಈಗ ಪ್ರೂಫ್ ನೋಡುವಾಗ ಪುಟವನ್ನು ಒಮ್ಮೆ ಮೇಲೆ ಕೆಳಗೆ ಸರಿಸುತ್ತೇನೆ. ಜೊತೆಗೆ ಸರಿದರೆ ಅದು ನನ್ನ ಚುಕ್ಕೆ, ಕೂತಲ್ಲೇ ಕೂತರೆ ಹುಳದ್ದು.

ಆ ಕಾರ್ಡಿನ ದಿನವೇ ಇದನ್ನು ಗುಜರಿಗೆ ಹಾಕುತ್ತೇನೆ ಅಂತ ಮನೆಯಲ್ಲಿ ಹಾರಾಡಿದ್ದೆ. ಹಾಕಲಿಲ್ಲ. ಹೊಸದಕ್ಕೆ ದುಡ್ಡಿರಲಿಲ್ಲ ಎಂಬುದು ನಿಜವಾದ ಕಾರಣ. ಆದರೆ ದುಡ್ಡಿಲ್ಲದ್ದಕ್ಕೇ ಇದನ್ನು ನೋಡಿಕೊಳ್ಳುವುದು ಕಲಿತೆ. ಈಗ ಇದರ ಮೇಲೊಂದು ಮಮತೆಯೇ ಬಂದುಬಿಟ್ಟಿದೆ.

ಬೆಳಿಗ್ಗೆ ಷಟರ್ ಎತ್ತಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ (ಮಾನಿಟರಿನ ಹತ್ತಿರ ಅಲ್ಲ, ಆ ಹೊಗೆ ಪರದೆಗೆ ಜಿಡ್ಡಾಗಿ ಕೂರುತ್ತದೆ), ಮೊದಲ ಕೆಲಸ ಒರೆಸುವುದು. ಸ್ವಿಚ್ ಹಾಕುವ ಮುಂಚೆಯೇ ಒರೆಸಬೇಕು. ಕಪ್ಪು ಪರದೆಯಲ್ಲಿ ಧೂಳು ಚೆನ್ನಾಗಿ ಕಾಣುತ್ತದೆ. ಕನ್ನಡಕದ ಜೊತೆ ಕೊಡುವ ಮೆತ್ತನೆ ಬಟ್ಟೆ ಸಾಕು. ಒತ್ತಬಾರದು, ಮಗುವಿನ ಬೆನ್ನು ಸವರಿದ ಹಾಗೆ ಮೇಲಿಂದ ಕೆಳಕ್ಕೆ. ಕಲೆಯಿದ್ದರೆ ಬಟ್ಟೆಯ ಒಂದು ಮೂಲೆಯನ್ನು ಮಾತ್ರ ಒದ್ದೆ ಮಾಡಿ ಹಿಂಡಿ ಒರೆಸಿ, ಒಣ ಮೂಲೆಯಿಂದ ಮತ್ತೊಮ್ಮೆ. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಬೇಡವೇ ಬೇಡ. ಅಂಥವುಗಳಲ್ಲಿರುವ ಅಮೋನಿಯಾ ಪರದೆಯ ಮಂಕು ಲೇಪನವನ್ನು ತಿನ್ನುತ್ತದೆ, ಅಲ್ಲಲ್ಲಿ ಹೊಳೆಯುವ ತೇಪೆ ಏಳುತ್ತದೆ. ನೀರನ್ನೇ ನೇರ ಚಿಮುಕಿಸಿದರೂ ಅಪಾಯ. ಅದು ಇಳಿದು ಕೆಳಗಿನ ಅಂಚಿನ ಸಂದಿಗೆ ಹೋಗುತ್ತದೆ, ಒಳಗಿನ ಸರ್ಕ್ಯೂಟಿಗೆ ತಾಗಿದರೆ ಪರದೆಯ ಮೇಲೆ ಗೆರೆ ಶುರು. ಆಯುಧಪೂಜೆಯ ದಿನ ನಮ್ಮ ಹುಡುಗ ತೀರ್ಥ ಪ್ರೋಕ್ಷಣೆಗೆ ಹೊರಟಾಗ ನಾನು ಅಡ್ಡ ಕೈ ಹಿಡಿಯುತ್ತೇನೆ. ಕುಂಕುಮ ಸ್ಟ್ಯಾಂಡಿಗೆ ಮಾತ್ರ.

ತಂದ ದಿನ ಬ್ರೈಟ್‌ನೆಸ್ 100ರಲ್ಲಿತ್ತು. ಅಂಗಡಿಯ ಶೋಕೇಸಿಗೆ ಅದು ಸರಿ, ಕಣ್ಣಿಗೂ ಪ್ರಿಂಟ್ ಕೆಲಸಕ್ಕೂ ಅಲ್ಲ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಬೆಳ್ಳಗೆ ಕಾಣುವ ತನಕ ಇಳಿಸಿದೆ, 28ಕ್ಕೆ ನಿಂತಿತು. ಪರದೆಯ ಹಿಂದೆ ಬೆಳಕು ಕೊಡುವ ಎಲ್‌ಇಡಿಗಳು ಬಲ್ಬಿನ ಹಾಗೆ ಒಂದು ದಿನ ಟಪ್ಪೆಂದು ಹೋಗುವುದು ಕಡಿಮೆ, ನಿಧಾನ ಮಂಕಾಗುತ್ತವೆ. ಅವಕ್ಕೆ ಸಾಮಾನ್ಯವಾಗಿ ಹೇಳುವ 30,000 ಗಂಟೆಯ ಆಯುಸ್ಸೆಂದರೂ ಬೆಳಕು ಅರ್ಧಕ್ಕೆ ಇಳಿಯುವ ತನಕ ಎಂದರ್ಥ. ನನ್ನದು ಇಪ್ಪತ್ತು ಸಾವಿರ ದಾಟಿರಬೇಕು. ಅದೇ ಬಿಳಿ ಹಾಳೆಯ ಪರೀಕ್ಷೆಗೆ ಈಗ 35 ಬೇಕು. ಅಷ್ಟೇ ಸವೆತ.

ಸ್ಕ್ರೀನ್‌ಸೇವರ್ ಹಾಕಿ ಊಟಕ್ಕೆ ಹೋಗುವವರನ್ನು ಕಂಡರೆ ನಗು. ಹಳೇ ಡಬ್ಬಾ ಸಿಆರ್‌ಟಿಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಗುರುತು ಪರದೆಯಲ್ಲೇ ಉಳಿಯುತ್ತಿತ್ತು, ಅದಕ್ಕೆ ಆ ಉಪಾಯ. ಈ ಎಲ್‌ಸಿಡಿಯಲ್ಲಿ ಸ್ಕ್ರೀನ್‌ಸೇವರಿನ ಮೀನು ಈಜಿದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಐದು ನಿಮಿಷಕ್ಕೆ ಪರದೆಯೇ ಆರುವಂತೆ ಇಟ್ಟಿದ್ದೇನೆ.

2022ರಲ್ಲಿ ಒಂದು ದಿನ ಆನ್ ಆಗುವುದು, ಆಫ್ ಆಗುವುದು, ಮತ್ತೆ ಆನ್. ರಿಪೇರಿಯವನು ಬೋರ್ಡ್ ಹೋಗಿದೆ, 3,500 ಆಗುತ್ತದೆ ಅಂದ. ಪಕ್ಕದ ಮೊಬೈಲ್ ಅಂಗಡಿಯವರು ಮೀಟರ್ ಹಿಡಿದು ನೋಡಿದರೆ ಬೋರ್ಡು ಗಟ್ಟಿಮುಟ್ಟಾಗಿದೆ, ಅಡಾಪ್ಟರ್ ಸೋತಿದೆ. 450 ರೂಪಾಯಿಗೆ ಕೆಲಸ ಮುಗಿಯಿತು. ಪಿನ್ ಕೂತಿತೆಂದು ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. ವೋಲ್ಟ್ ಒಂದೇ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. 12 ವೋಲ್ಟಿನ ಮಾನಿಟರಿಗೆ 19 ವೋಲ್ಟ್ ಕೊಟ್ಟರೆ ಆಗ ನಿಜಕ್ಕೂ ಬೋರ್ಡ್ ಹೋಗುತ್ತದೆ. ಏಪ್ರಿಲ್ ಮೇ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಇಂಟರ್ನೆಟ್ಟಿನ ವೈರನ್ನೂ ಕಂಪ್ಯೂಟರಿನಿಂದ ತೆಗೆದಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹಾಕಬೇಡಿ, ತೇವ ಒಳಗೇ ನಿಲ್ಲುತ್ತದೆ. ನಾನು ಅರ್ಧ ಗಂಟೆ ಆರಲು ಬಿಟ್ಟು ಅಮ್ಮನ ಹಳೇ ಹತ್ತಿ ಸೀರೆಯ ತುಂಡು ಹೊದಿಸುತ್ತೇನೆ. ವಾರಗಟ್ಟಲೆ ಅಂಗಡಿ ಮುಚ್ಚಿದ್ದರೂ ಮನೆಯವರು ಯಾರಾದರೂ ಹೋಗಿ, ಒಳಗಿನ ತೇವ ಆರಲೆಂದು ಒಂದು ಗಂಟೆ ಆನ್ ಮಾಡಿ ಬರುತ್ತಾರೆ.

ಇಷ್ಟಾದರೂ ಹುಳಕ್ಕೆ ಪೂರ್ತಿ ಮದ್ದಿಲ್ಲ. ಸಂಜೆ ಅಂಗಡಿಯ ಟ್ಯೂಬ್‌ಲೈಟ್ ಮಾನಿಟರಿಗಿಂತ ಜೋರಾಗಿರುವಂತೆ ನೋಡಿಕೊಳ್ಳುತ್ತೇನೆ, ಕತ್ತಲೆ ಕೋಣೆಯಲ್ಲಿ ಪರದೆಯೊಂದೇ ಉರಿದರೆ ಅದಕ್ಕೇ ಮುತ್ತುತ್ತವೆ. ಮೊನ್ನೆ ಜುಲೈಯಲ್ಲಿ ಮತ್ತೊಂದು ಹೊಕ್ಕಿತು. ಹುಡುಗ ಬೆರಳೆತ್ತಿದ. "ಮುಟ್ಟಬೇಡ ಮಾರಾಯ!" ಅಂತ ನಾನು ಕೂಗಿದ ಜೋರಿಗೆ ಎದುರಿನ ಹೋಟೆಲಿನವರು ಇಣುಕಿದರು. ಮಾನಿಟರ್ ಆರಿಸಿ, ಅದರ ಅಂಚಿಗೆ ಅಂಟಿಸಿದ ಹಾಗೆ ಟೇಬಲ್ ಲ್ಯಾಂಪ್ ಹಚ್ಚಿಟ್ಟು, ಬೇರೆಲ್ಲ ದೀಪ ತೆಗೆದು ಷಟರ್ ಎಳೆದೆವು.

ಬೆಳಿಗ್ಗೆ ಪರದೆಯಲ್ಲಿ ಹಳೆಯ ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಲ್ಯಾಂಪಿನ ಕೆಳಗೆ ಹದಿನೈದಿಪ್ಪತ್ತು ಹುಳ ಬಿದ್ದಿದ್ದವು. ಅದರಲ್ಲಿ ನಮ್ಮದು ಯಾವುದೋ.