ಭಾರೀ ಪಿಕಪ್‌ಗೆ ಬಿಲ್‌ಸ್ಟೈನ್ 5100: ಒಂದು ವಿಮರ್ಶೆ

ಹಿಂಬದಿ ತಗ್ಗಿದೆ ಎಂಬ ಕಾರಣಕ್ಕೆ ಶಾಕ್ ಅಬ್ಸಾರ್ಬರ್ ಬದಲಿಸಲು ಹೊರಡುವವರೇ ಹೆಚ್ಚು. ಆದರೆ ಭಾರ ಹೊರುವುದು ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು), ಅದರ ಕುಣಿತವನ್ನು ಅಡಗಿಸುವುದಷ್ಟೇ ಶಾಕ್‌ನ ಕೆಲಸ. ಆ ಕೆಲಸದಲ್ಲಿ ಬಿಲ್‌ಸ್ಟೈನ್ 5100 ಎಂಬ ಶಾಕ್ ನನಗೆ ಮೆಚ್ಚುಗೆಯಾಗಿದೆ. ಇದು ಒಂಟಿ ಕೊಳವೆಯ ರಚನೆ, 46 ಮಿ.ಮೀ. ಪಿಸ್ಟನ್ ಇದ್ದು, ಒತ್ತಡದ ನೈಟ್ರೋಜನ್ ಅನಿಲವು ಎಣ್ಣೆಯಿಂದ ಪ್ರತ್ಯೇಕವಾಗಿರುವುದರಿಂದ, ಕೊರಕಲು ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿದರೂ ಎಣ್ಣೆ ನೊರೆಗಟ್ಟಿ ಹಿಡಿತ ಸಡಿಲವಾಗುವುದು ಕಡಿಮೆ. ಸೇತುವೆಯ ಜೋಡಣೆ ದಾಟಿದಾಗ ಹಿಂಭಾಗ ಒಮ್ಮೆ ಏರಿ ಇಳಿದು ಅಲ್ಲಿಗೇ ನಿಲ್ಲುತ್ತದೆ. ಖಾಲಿ ಗಾಡಿಯಲ್ಲಿ ಮಾತ್ರ ಸಣ್ಣ ಉಬ್ಬುಗಳು ಸೀಟಿನವರೆಗೂ ತಲುಪುತ್ತವೆ, ಅದನ್ನು ಮುಚ್ಚಿಡುವಂತಿಲ್ಲ.

ಒಮ್ಮೆ ಖಾಲಿ, ಒಮ್ಮೆ ಭರ್ತಿ ಓಡಿಸುವವರಿಗೆ ಶಾಕ್‌ನಲ್ಲೇ ಇರುವ ನಾಬ್ ತಿರುಗಿಸಿ ಒಂಬತ್ತು ಹಂತಗಳಲ್ಲಿ ಬಿಗಿ ಹೊಂದಿಸಬಹುದಾದ ರಾಂಚೊ ಆರ್‌ಎಸ್9000ಎಕ್ಸ್‌ಎಲ್ ಶಾಕ್ ಹೆಚ್ಚು ಒಪ್ಪೀತು, ಗಾಡಿಯಡಿ ತೂರುವ ಬೇಸರವಿಲ್ಲದಿದ್ದರೆ. ಟ್ರೇಲರ್ ಹೂಡಿದಾಗ ಹಿಂಬದಿ ಕುಸಿಯುವುದಾದರೆ ಸ್ಪ್ರಿಂಗ್‌ಗೆ ನೆರವಾಗುವ ಗಾಳಿ ಚೀಲ, ಅಂದರೆ ಏರ್ ಬ್ಯಾಗ್ ಸೇರಿಸಬಹುದು. ಅದು ಗಾಡಿಯನ್ನು ಸಮತಟ್ಟಾಗಿಸುತ್ತದೆಯೇ ಹೊರತು ತಯಾರಕರು ನಿಗದಿಪಡಿಸಿದ ಒಟ್ಟು ತೂಕದ ಮಿತಿಯನ್ನು ಒಂದು ಕಿಲೋ ಕೂಡ ಹೆಚ್ಚಿಸುವುದಿಲ್ಲ. ಎತ್ತರ ಹೆಚ್ಚಿಸಿದ ಗಾಡಿಗೆ ಆ ಎತ್ತರಕ್ಕೆ ತಕ್ಕ ಉದ್ದದ ಶಾಕನ್ನೇ ಕೊಳ್ಳಬೇಕು.