ಕುಶಾಲನಗರದಲ್ಲಿ ಡ್ರೆಡ್‌ಲಾಕ್ಸ್ ನೋಡಿಕೊಳ್ಳುವ ಅಂಗಡಿ: ನನ್ನ ರಿವ್ಯೂ

ಕೊಡಗಿನಲ್ಲಿ ಡ್ರೆಡ್‌ಲಾಕ್ಸ್ (ಕೂದಲನ್ನು ಹಗ್ಗದ ಹಾಗೆ ಗಂಟುಗಟ್ಟಿಸಿದ ಜಡೆಗಳು) ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಆದರೂ ಈಚೆಗೆ ವಿರಾಜಪೇಟೆ, ಸೋಮವಾರಪೇಟೆ ಕಡೆಯವರೆಲ್ಲ "ನೀವು ಎಲ್ಲಿ ಮಾಡಿಸ್ತೀರಿ, ಉದುರಲ್ವಾ, ತುಂಡಾಗಲ್ವಾ" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಉತ್ತರ ಟೈಪ್ ಮಾಡಿ ಸಾಕಾಯಿತು, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ.

ನಾನು ಹೋಗುವುದು ಕುಶಾಲನಗರದ ಒಂದು ಸಣ್ಣ ಅಂಗಡಿಗೆ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಮಹಡಿ ಮೇಲೆ, ಎರಡೇ ಕುರ್ಚಿ. ನಡೆಸುವ ಹುಡುಗಿ ಗೋವಾದಲ್ಲಿ ಕೆಲಸ ಕಲಿತು ಬಂದವಳು, ಒಬ್ಬಳೇ ಎಲ್ಲ ಮಾಡುತ್ತಾಳೆ. ಹೆಸರು ಹಾಕಿದರೆ ಫೋನ್ ಎತ್ತುವುದೇ ಕೆಲಸ ಆಗುತ್ತದೆ ಅಕ್ಕ ಅಂದಳು, ಹಾಗಾಗಿ ಹಾಕುತ್ತಿಲ್ಲ. ಬೇಕಾದವರು ಮೆಸೇಜ್ ಮಾಡಿ, ನಂಬರ್ ಕೊಡುತ್ತೇನೆ.

ಈ ಅಂಗಡಿಯಲ್ಲಿ ನನಗೆ ಮುಖ್ಯವಾಗಿ ಹಿಡಿಸಿದ್ದು ಒಂದು ವಿಷಯ. ಬೇಡದ ಕೆಲಸ ಮಾಡಲ್ಲ. ಒಮ್ಮೆ ಬುಡ ಸ್ವಲ್ಪ ಸಡಿಲ ಕಾಣುತ್ತಿದೆ ಅಂತ ಮಡಿಕೇರಿಯಿಂದ ಬಸ್ ಹತ್ತಿ ಹೋಗಿದ್ದೆ. ಬೆರಳಲ್ಲಿ ಸರಿಸಿ ನೋಡಿ, "ಇನ್ನೂ ಬೆಳೆದೇ ಇಲ್ಲ ಅಕ್ಕ, ಮುಂದಿನ ತಿಂಗಳು ಬನ್ನಿ" ಅಂತ ವಾಪಸ್ ಕಳಿಸಿದಳು. ದುಡ್ಡೂ ತಗೊಳ್ಳಲಿಲ್ಲ. ಬಸ್ಸಿನಲ್ಲಿ ಬೈದುಕೊಂಡೇ ಬಂದೆ, ಆದರೆ ಲೆಕ್ಕ ಅವಳದ್ದೇ ಸರಿ. ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು. ಬೆಳೆದ ಕೂದಲನ್ನು ಜಡೆಗೆ ಸೇರಿಸಲು ಅಂತ ಎರಡು ವಾರಕ್ಕೊಮ್ಮೆ ಬುಡ ತಿರುಚಿದರೆ ಹೊಸ ಕೂದಲು ಎಲ್ಲಿಂದ ಬರಬೇಕು? ಹಳೇ ಜಾಗವನ್ನೇ ಮತ್ತೆ ಮತ್ತೆ ಎಳೆದ ಹಾಗೆ ಅಷ್ಟೇ. ಆರರಿಂದ ಎಂಟು ವಾರ ಬಿಟ್ಟು ಮಾಡಿಸಿದರೆ ಸಾಕು.

ಇದಕ್ಕೆ ಮೊದಲು ದೊಡ್ಡ ಊರಿನ ಒಂದು ಪಾರ್ಲರ್‌ನಲ್ಲಿ ಮಾಡಿಸುತ್ತಿದ್ದೆ. ಅಲ್ಲಿ ಹೋದಾಗಲೆಲ್ಲ ಬುಡದಿಂದ ತುದಿಯವರೆಗೂ ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವ ಹೆಣಿಗೆ ಕಡ್ಡಿ) ಹಾಕುತ್ತಿದ್ದರು. ಹೊರಗೆ ಬರುವಾಗ ಒಂದೊಂದು ಜಡೆಯೂ ಹೊಸ ಹಗ್ಗದ ಹಾಗೆ ಬಿಗಿ, ನೋಡಲು ಭಾರೀ ಚಂದ. ರಾತ್ರಿ ತಲೆ ದಿಂಬಿಗೆ ಇಡಲಾಗದಷ್ಟು ನೋವು. ಕಿವಿಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ. "ಹೊಸದರಲ್ಲಿ ಹಾಗೇ ಇರುತ್ತೆ ಮೇಡಂ" ಅಂತ ಪ್ರತಿ ಸಲವೂ ಅದೇ ಮಾತು. ಬುಡದಲ್ಲಿ ಗುಳ್ಳೆ ಎದ್ದರೆ, ಹುಬ್ಬು ಎತ್ತಿದಾಗ ಚರ್ಮ ಜಗ್ಗಿದರೆ, ಬಿಗಿ ಜಾಸ್ತಿಯಾಗಿದೆ ಅಂತಲೇ ಅರ್ಥ. ಹಾಗೇ ವರ್ಷಗಟ್ಟಲೆ ಎಳೆಯುತ್ತಿದ್ದರೆ ಕೂದಲ ಬೇರೇ ಸತ್ತು, ಆ ಜಾಗದಲ್ಲಿ ಮತ್ತೆ ಹುಟ್ಟದೇ ಹೋಗಬಹುದು. ಚರ್ಮದ ಡಾಕ್ಟರುಗಳು ಇದನ್ನೇ ಟ್ರ್ಯಾಕ್ಷನ್ ಅಲೋಪೀಶಿಯಾ ಅನ್ನುವುದು. ಮೊದಲು ಹೋಗುವುದು ಹಣೆಯ ಅಂಚು ಮತ್ತು ಕಿವಿಯ ಮುಂದಿನ ಕೂದಲು.

ಈ ಹುಡುಗಿ ಮೊದಲ ದಿನ ಏನೂ ಮಾಡದೆ ಸುಮ್ನೆ ನೋಡಿದಳು. ಕಿಟಕಿ ಕಡೆ ತಿರುಗಿಸಿ ಕೂರಿಸಿ, ಒಂದೊಂದೇ ಜಡೆಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತುತ್ತಾ ಹೋದಳು. ಬಲಗಿವಿಯ ಹಿಂದೆ ಒಂದು ಜಡೆ ಕೆಳಗೆ ಹೆಬ್ಬೆರಳಷ್ಟು ದಪ್ಪ, ಬುಡದ ಹತ್ತಿರ ಬರುವಾಗ ದಾರದಷ್ಟು ಸಣ್ಣ. ಕನ್ನಡಿ ಹಿಡಿದು ತೋರಿಸಿದಳು. ಆಮೇಲೆ ಹೆಗಲ ಮೇಲಿನ ಟವೆಲ್‌ನಿಂದ ನಾಲ್ಕೈದು ತುಂಡು ಕೂದಲು ಆಯ್ದು ಅಂಗೈಯಲ್ಲಿ ಇಟ್ಟಳು. "ಇದರ ತುದಿಯಲ್ಲಿ ಬಿಳಿ ಗಂಟು ಇದೆಯಾ ನೋಡಿ." ಇರಲಿಲ್ಲ. ತಾನಾಗಿ ಉದುರಿದ ಕೂದಲಿಗೆ ಬೇರಿನ ಕಡೆ ಸಣ್ಣ ಬಿಳಿ ಗಂಟು ಇರುತ್ತದೆ, ತುಂಡಾದದ್ದಕ್ಕೆ ಇರಲ್ಲ. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಡ್ರೆಡ್‌ಲಾಕ್ಸ್‌ನಲ್ಲಿ ಅದು ನೆಲಕ್ಕೆ ಬೀಳದೆ ಜಡೆಯೊಳಗೇ ಕೂತುಬಿಡುತ್ತದೆ. ಅದಕ್ಕೆ ಜಡೆ ದಪ್ಪಗೆ ಕಾಣುತ್ತದೆ, ಅದರಿಂದ ತೊಂದರೆ ಏನಿಲ್ಲ. ಗಂಟಿಲ್ಲದ ತುಂಡುಗಳು ಬೀಳುತ್ತಿದ್ದರೆ ಮಾತ್ರ ಎಲ್ಲೋ ಕಡಿಯುತ್ತಿದೆ ಎಂದು ತಿಳಿಯಬೇಕು.

ನನ್ನ ತಲೆಯಲ್ಲಿ ಕಡಿದದ್ದು ಕಡ್ಡಿಯೇ. ಅರ್ಧ ಮಿಲಿಮೀಟರ್‌ನ ಕೊಕ್ಕೆ, ಕೂದಲನ್ನು ಮಡಚಿ ಎಳೆಯುತ್ತದೆ. ಹೊರಗೆ ಬಂದ ಕೂದಲನ್ನು ಒಳಗೆ ಸೇರಿಸಲು ಅಪರೂಪಕ್ಕೆ ಹಾಕಿದರೆ ಪರವಾಗಿಲ್ಲ. ಗಟ್ಟಿಯಾಗಿರುವ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಒಳಗೆ ಕೂದಲು ಪುಡಿಯಾಗುತ್ತದೆ. ಇವಳು ಬುಡವನ್ನು ಅಂಗೈಯಲ್ಲಿ ಹೊಸೆದೇ ಮುಗಿಸುತ್ತಾಳೆ, ಕಡ್ಡಿ ತೆಗೆಯುವುದು ಕಡಿಮೆ. ಇಂಟರ್‌ಲಾಕಿಂಗ್ (ಜಡೆಯ ತುದಿಯನ್ನು ಬುಡದ ಕೂದಲಿನ ನಡುವೆ ತೂರಿಸಿ ಬಿಗಿ ಮಾಡುವುದು) ಬೇಕೆಂದರೆ ಮಾಡುತ್ತಾಳೆ, ಆದರೆ ತುದಿಯನ್ನು ಒಂದೇ ದಿಕ್ಕಿನಿಂದ ತೂರಿಸಲ್ಲ, ದಿಕ್ಕು ಬದಲಿಸುತ್ತಾಳೆ. ಒಂದೇ ಕಡೆಯಿಂದ ಮಾಡಿದರೆ ಬುಡ ಎರಡಾಗಿ ಸೀಳಿ ನಡುವೆ ತೂತು ಬೀಳುತ್ತದೆ. ನನ್ನ ಆ ಸಣ್ಣ ಬುಡದ ಜಡೆಯನ್ನು ಪಕ್ಕದ ಜಡೆಗೆ ಸೇರಿಸಿ ಒಂದು ಮಾಡಿಬಿಟ್ಟಳು. ಈಗ ಎರಡರ ಭಾರವನ್ನು ಎರಡು ಬುಡ ಹೊರುತ್ತವೆ, ಸರಿಯಾಗಿ ನಿಂತಿದೆ.

ಹಳೇ ಪಾರ್ಲರ್‌ನವರು ಜೇನುಮೇಣದ ವ್ಯಾಕ್ಸ್ ಬೇರೆ ಹಾಕಿದ್ದರು. ಅದನ್ನು ಬಿಡಿಸಿ ಕೊಡು ಅಂದೆ. ಆಗಲ್ಲ ಅಂದಳು. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು, ಅಷ್ಟು ಬಿಸಿ ನೀರು ತಲೆಗೆ ಹಾಕಿದರೆ ಚರ್ಮ ಸುಲಿದು ಬರುತ್ತದೆ. ತುದಿಯ ಭಾಗ ಮಾತ್ರ ಲೋಟದಲ್ಲಿ ನೆನೆಸಿ ಸ್ವಲ್ಪ ತೆಗೆದಳು. ಉಳಿದದ್ದು ಹಾಗೇ ಇದೆ. ಎಲ್ಲ ಸರಿಮಾಡಿ ಕೊಡುತ್ತೇನೆ ಅಂತ ಸುಳ್ಳು ಹೇಳಲಿಲ್ಲವಲ್ಲ, ಅದು ನನಗೆ ಇಷ್ಟವಾಯಿತು.

ಇನ್ನು ಮಳೆ ವಿಷಯ. ಕುಶಾಲನಗರದವರಿಗೆ ಇದು ಅಷ್ಟಾಗಿ ಗೊತ್ತಾಗಲ್ಲ, ಅಲ್ಲಿ ಮಳೆ ಕಡಿಮೆ. ನಮ್ಮ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ, ಭಾಗಮಂಡಲದ ಕಡೆ ಕೇಳುವುದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗಲ್ಲ, ಹೆಬ್ಬೆರಳು ದಪ್ಪದ ಜಡೆ ಒಣಗುತ್ತದೆಯೇ? ಮೇಲೆ ಮುಟ್ಟಿದರೆ ಒಣಗಿದ ಹಾಗೆ, ಒಳಗೆ ಒದ್ದೆ. ಹಾಗೇ ಗಂಟು ಕಟ್ಟಿ ಮಲಗಿದರೆ ಒಳಗೆ ಬೂಸ್ಟು ಹಿಡಿದು ವಾಸನೆ ಶುರು. ಒದ್ದೆ ಕೂದಲು ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ, ಅದರ ಮೇಲೆ ನೀರಿನ ಭಾರ ಬೇರೆ ಬುಡಕ್ಕೆ. ಡ್ರೈಯರ್ ಹಾಕೋಣ ಅಂದರೆ ಮಳೆಗಾಲದಲ್ಲಿ ಕರೆಂಟ್ ಎಲ್ಲಿದೆ? ಸಾವಿರ ವ್ಯಾಟ್‌ನ ಡ್ರೈಯರ್ ಹಚ್ಚಿದರೆ ಮನೆಯ ಇನ್ವರ್ಟರ್ ಕಿರುಚಿಕೊಳ್ಳುತ್ತದೆ.

ಇದಕ್ಕೆ ಅವಳು ಹೇಳಿಕೊಟ್ಟದ್ದು ಇಷ್ಟು. ಬೆಳಿಗ್ಗೆ ಕರೆಂಟ್ ಇದೆ ಅಂತ ಖಾತ್ರಿಯಾದ ಮೇಲೆಯೇ ತಲೆಗೆ ನೀರು. ಹಳೇ ಕಾಟನ್ ಟೀ ಶರ್ಟ್‌ನಲ್ಲಿ ಒಂದೊಂದೇ ಜಡೆ ಹಿಡಿದು ಒತ್ತುವುದು, ಬಟ್ಟೆ ಹಿಂಡಿದ ಹಾಗೆ ತಿರುಚಬಾರದು. ಡ್ರೈಯರ್ ಜಾಸ್ತಿ ಬಿಸಿ ಬೇಡ. ಕೊನೆಗೆ ದಪ್ಪ ಜಡೆಯನ್ನು ಟಿಶ್ಯೂ ಪೇಪರ್‌ನಲ್ಲಿ ಬಿಗಿಯಾಗಿ ಒತ್ತಿ ನೋಡುವುದು. ಪೇಪರ್ ತೇವವಾದರೆ ಇನ್ನೂ ಕಟ್ಟಬೇಡಿ. ಬಚ್ಚಲ ಒಲೆಯ ಹತ್ತಿರ ಕೂತು ಒಣಗಿಸುತ್ತೇನೆ ಅಂದೆ, ನಕ್ಕಳು. ಒಣಗೇನೋ ಒಣಗುತ್ತದೆ, ಹೊಗೆ ವಾಸನೆ ಮುಂದಿನ ಸ್ನಾನದವರೆಗೂ ಹೋಗಲ್ಲ.

ತಲೆಗೆ ಎಣ್ಣೆ ಹಚ್ಚು ಅನ್ನುವ ಅಜ್ಜಿಯರ ಮಾತು ಅರ್ಧ ಸರಿ. ಕೊಬ್ಬರಿ ಎಣ್ಣೆ ಕೂದಲ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಜೊತೆ ಹೋಲಿಸಿ 2003ರಲ್ಲಿ ಬಂದ ಸಂಶೋಧನೆಯಲ್ಲೂ ಇದೇ ಇದೆ. ಆದರೆ ಈ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಬಾಟಲಿ ನೋಡಿ, ಕಲ್ಲು. ಜಡೆಗೆ ಸುರಿದರೆ ಒಳಗೆ ಬೆಣ್ಣೆಯಾಗಿ ಕೂತು ಧೂಳು ಹಿಡಿಯುತ್ತದೆ. ತಲೆ ತೊಳೆಯುವ ಮೊದಲು ಎರಡು ಮೂರು ಹನಿ ಬೆಚ್ಚಗೆ ಮಾಡಿ ನೆತ್ತಿಗೆ ಮಾತ್ರ ಹಚ್ಚಬೇಕು. ಸೀಗೆಕಾಯಿ ಪುಡಿ ಬೇಡವೇ ಬೇಡ, ಕಣ ಕಣ ಒಳಗೆ ಸಿಕ್ಕಿಕೊಂಡು ಹೊರಗೆ ಬರಲ್ಲ. ಅಡುಗೆ ಸೋಡಾದಲ್ಲಿ ನೆನೆಸುವ ವೀಡಿಯೋಗಳೂ ಬೇಡ. ಅದು ಕ್ಷಾರ, ಪದೇ ಪದೇ ಹಾಕಿದರೆ ಕೂದಲು ಒರಟಾಗಿ ಮುರಿಯುತ್ತದೆ. ನನ್ನ ಗೆಳತಿ ಒಬ್ಬಳು ಜಡೆ ತೊಳೆಯಲು ಆಪಲ್ ವಿನೆಗರ್ ಬದಲು ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು, ಗಟ್ಟಿ ಹುಳಿ) ಹಾಕಿದರೆ ಆಗುತ್ತಾ ಅಂತ ಕೇಳಿದಳು. ಅಷ್ಟು ಅಂಟು ಜಡೆಗೆ ಹಾಕಿ ಹಾಳುಮಾಡುವ ಬದಲು ಹಂದಿ ಕರಿಗೇ ಇರಲಿ ಮಾರಾಯ್ತಿ.

ದೂರುಗಳೂ ಇವೆ. ಹೇಳಿದ ಟೈಮಿಗೆ ಕೂರಿಸುವುದಿಲ್ಲ, ಹಿಂದಿನವರದ್ದು ಮುಗಿಯಬೇಕು. ಕುರ್ಚಿ ಮರದ್ದು, ತಾಸುಗಟ್ಟಲೆ ಕೂತರೆ ಸೊಂಟ ಹಿಡಿಯುತ್ತದೆ. ಬಿಲ್ ಕೊಡಲ್ಲ. ಶಾಂಪೂ ಅಂತ ಅವಳು ಮಾರುವ ಬಾಟಲಿ ನನಗೆ ತೀರಾ ದುಬಾರಿ ಅನ್ನಿಸಿತು. ಕಂಡೀಷನರ್ ಸೇರದ, ನೀರಿನಲ್ಲಿ ಪೂರ್ತಿ ಬಿಟ್ಟುಹೋಗುವ ಯಾವ ತೆಳು ಶಾಂಪೂ ಆದರೂ ಸಾಕು, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಸ್ಯಾಟಿನ್ ದಿಂಬಿನ ಕವರೂ ಮಾರುತ್ತಾಳೆ. ನಾನು ಅಮ್ಮನ ಹಳೇ ರೇಷ್ಮೆ ಸೀರೆಯ ತುಂಡು ತಲೆಗೆ ಕಟ್ಟಿ ಮಲಗುತ್ತೇನೆ. ಕಂಬಳಿಯ ನೂಲೂ ಹತ್ತಲ್ಲ, ಉಜ್ಜುವುದೂ ಇಲ್ಲ.

ಹೋಗುವವರಿಗೆ ಒಂದು ಮಾತು, ಸ್ಕೂಟರಿನಲ್ಲಿ ಹೋದರೆ ಹೆಲ್ಮೆಟ್ ಒಳಗೆ ಜಡೆಯನ್ನು ನೆತ್ತಿಗೆ ಕಟ್ಟಬೇಡಿ, ಕುತ್ತಿಗೆಯ ಹತ್ತಿರ ಸಡಿಲವಾಗಿ ಕಟ್ಟಿ. ಮಳೆಯಲ್ಲಿ ನೆನೆದು ಹೋದರೆ ಆ ದಿನ ಮುಟ್ಟುವುದೇ ಇಲ್ಲ, ಕಾಫಿ ಕೊಟ್ಟು ಕಳಿಸುತ್ತಾಳೆ. ನವೆಂಬರ್-ಡಿಸೆಂಬರ್‌ನ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹತ್ತಿರ ಬಂದರೆ ಬುಕ್ಕಿಂಗ್ ಸಿಗಲ್ಲ, ಮದುವೆ ಸೀಸನ್‌ನಲ್ಲಿ ಮಾಮೂಲಿ ಹೇರ್‌ಸ್ಟೈಲ್ ಕೆಲಸಕ್ಕೇ ಹೋಗಿಬಿಡುತ್ತಾಳೆ. ಅಕ್ಟೋಬರ್‌ನಲ್ಲೇ ಮೆಸೇಜ್ ಹಾಕಿಡಿ.