ದೃಷ್ಟಿನರದ ಮೇಲಿನ ಒತ್ತಡಕ್ಕೆ ಓಸಿಟಿ ಸ್ಕ್ಯಾನ್: ಯಂತ್ರ ಚೆನ್ನಾಗಿದೆ, ವರದಿ ಕೇಳಿ ಪಡೆಯಬೇಕು

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದಿದ್ದ ನಮ್ಮ ಅಕ್ಕನಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಬೆಂಗಳೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಮಾಡಿಸಿದ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಸ್ಕ್ಯಾನ್ ಕುರಿತ ವಿಮರ್ಶೆ ಇದು. ಪರೀಕ್ಷೆಯ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ನಡೆಸಿಕೊಟ್ಟ ರೀತಿಯ ಬಗ್ಗೆ ಇದೆ.

1991ರಲ್ಲಿ ಮೊದಲು ಪ್ರಕಟವಾದ ಈ ತಂತ್ರದಲ್ಲಿ ಅವಕೆಂಪು ಬೆಳಕನ್ನು ಕಣ್ಣಿನೊಳಗೆ ಹಾಯಿಸಿ, ಅಕ್ಷಿಪಟಲದ (ರೆಟಿನಾ) ಪದರಗಳಿಂದ ಮರಳುವ ಬೆಳಕಿನಿಂದ ಅವುಗಳ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಚುಚ್ಚುವುದಿಲ್ಲ, ವಿಕಿರಣದ ಭಯವಿಲ್ಲ, ಗಲ್ಲವನ್ನು ಆಸರೆಯ ಮೇಲಿಟ್ಟು ಗುರುತನ್ನು ದಿಟ್ಟಿಸಿದರೆ ನಿಮಿಷಗಳಲ್ಲಿ ಮುಗಿಯುತ್ತದೆ. ಗಡ್ಡೆಯಾಗಲಿ, ಅದು ನರವನ್ನು ಒತ್ತುತ್ತಿರುವುದಾಗಲಿ ಇದರಲ್ಲಿ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕೇ ಬೇಕು. ಒತ್ತಡದಿಂದ ನರತಂತುಗಳು ಎಷ್ಟು ನಶಿಸಿವೆ ಎಂಬುದನ್ನು ಮಾತ್ರ ಓಸಿಟಿ ಹೇಳುತ್ತದೆ, ಮತ್ತು ಅಷ್ಟನ್ನು ಬಹಳ ಚೆನ್ನಾಗಿ ಹೇಳುತ್ತದೆ.

ಎರಡೂ ಕಣ್ಣುಗಳ ಮೂಗಿನ ಬದಿಯ ಅರ್ಧಭಾಗದಿಂದ ಬರುವ ತಂತುಗಳು ಪಿಟ್ಯುಟರಿಯ ಮೇಲ್ಗಡೆ ಪರಸ್ಪರ ದಾಟಿ ಎದುರು ಬದಿಗೆ ಹೋಗುತ್ತವೆ. ಗಡ್ಡೆ ಕೆಳಗಿನಿಂದ ಮೇಲಕ್ಕೆ ಬೆಳೆದಾಗ ಮೊದಲು ನಲುಗುವುದು ಇವೇ. ಮೂಗಿನ ಬದಿಯ ಅಕ್ಷಿಪಟಲ ನೋಡುವುದು ಹೊರಬದಿಯನ್ನು, ಆದ್ದರಿಂದ ಎರಡೂ ಕಣ್ಣುಗಳ ಹೊರಬದಿಯ ನೋಟ, ಅದರಲ್ಲೂ ಸಾಮಾನ್ಯವಾಗಿ ಮೇಲ್ಭಾಗ, ಮಂಕಾಗತೊಡಗುತ್ತದೆ. ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲದಲ್ಲಿ ಈ ತಂತುಗಳು ಹೊರಡುವ ಗ್ಯಾಂಗ್ಲಿಯಾನ್ ಕೋಶಗಳ ನಕ್ಷೆಯಲ್ಲಿ ಇದೇ ಹಾನಿ ಎರಡೂ ಕಣ್ಣುಗಳ ಮೂಗಿನ ಬದಿಯಲ್ಲಿ, ನಟ್ಟನಡುವಿನ ಲಂಬರೇಖೆಗೆ ಬಂದು ನಿಲ್ಲುವಂತೆ ಕಾಣಿಸಿಕೊಳ್ಳುತ್ತದೆ. ದೃಷ್ಟಿನರವನ್ನೇ ಹಾಳುಮಾಡುವ ಕಣ್ಣಿನ ಕಾಯಿಲೆಯಾದ ಗ್ಲಾಕೋಮಾದಲ್ಲಾದರೆ ಹಾನಿ ಸಾಮಾನ್ಯವಾಗಿ ಅಡ್ಡರೇಖೆಗೆ ಬದ್ಧವಾಗಿರುತ್ತದೆ. ಒಂದನ್ನು ಇನ್ನೊಂದೆಂದು ತಿಳಿದು ಬರೀ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು ಕೂರುವ ಅಪಾಯ ಇರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಆಸ್ಪತ್ರೆಯವರು ಮೊದಲು ಕೊಟ್ಟದ್ದು ದೃಷ್ಟಿನರದ ಸುತ್ತಲಿನ ನರತಂತು ಪದರದ ಒಂದೇ ಹಾಳೆಯನ್ನು. ಸರಾಸರಿ ಹಸಿರು ಬಣ್ಣದಲ್ಲಿತ್ತು, "ಎಲ್ಲ ನಾರ್ಮಲ್ ಇದೆ ಮೇಡಂ" ಎಂದರು. ಮ್ಯಾಕ್ಯುಲದ ನಕ್ಷೆ ಬೇಕೆಂದು ನಾವಾಗಿಯೇ ಕೇಳಿದಾಗ, ಅದರಲ್ಲಿ ಎರಡೂ ಕಣ್ಣುಗಳ ಮೂಗಿನ ಬದಿಯಲ್ಲಿ ಪದರ ತೆಳುವಾಗಿರುವ ಸೂಚನೆಯಾದ ಹಳದಿ ಮೂಡಿತ್ತು. ಮೊದಲ ಚಿತ್ರದ ಗುಣಮಟ್ಟವನ್ನು ಹೇಳುವ ಸಿಗ್ನಲ್ ಅಂಕ ಹತ್ತರಲ್ಲಿ ಐದು ಮಾತ್ರ ಇದ್ದರೂ ತಂತ್ರಜ್ಞರು ಅದನ್ನೇ ಮುದ್ರಿಸಹೊರಟಿದ್ದರು. ಅಲ್ಲಿದ್ದ ಯಂತ್ರದಲ್ಲಿ ಆರಕ್ಕಿಂತ ಕಡಿಮೆ ಬಂದರೆ ಅಳತೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಒಣಗಿದ ಕಣ್ಣಿಗೆ ಕೃತಕ ಕಣ್ಣೀರಿನ ಹನಿ ಹಾಕಿಸಿ ಮತ್ತೆ ತೆಗೆಸಿದಾಗ ಎಂಟು ಬಂತು. ಹಣ ಕೊಟ್ಟವರು ಇದನ್ನೆಲ್ಲ ನೆನಪಿಸಬೇಕಾಗಿ ಬಂದದ್ದು ನನಗೆ ಸರಿಕಾಣಲಿಲ್ಲ.

ಬಣ್ಣವನ್ನು ಮಾತ್ರ ನೋಡಿ ತೀರ್ಮಾನಿಸುವುದು ಇನ್ನೊಂದು ದೋಷ. ಯಂತ್ರದಲ್ಲಿರುವ ಆರೋಗ್ಯವಂತರ ಅಂಕಿಗಳೊಂದಿಗೆ ಹೋಲಿಸಿ ಬಣ್ಣ ಬರುತ್ತದೆಯಾದ್ದರಿಂದ, ಹೆಚ್ಚು ಮೈನಸ್ ಪವರ್ ಇರುವವರಲ್ಲಿ ರೋಗವಿಲ್ಲದೆಯೂ ಕೆಂಪು ಕಾಣಬಹುದು. ಹಾಗೆಯೇ ಹಸಿರು ಇದ್ದರೆ ಒತ್ತಡವೇ ಇಲ್ಲವೆಂದು ಅರ್ಥವಲ್ಲ, ಏಕೆಂದರೆ ನರ ಒತ್ತಿಕೊಂಡ ಮೇಲೆ ಅಕ್ಷಿಪಟಲ ತೆಳುವಾಗಲು ವಾರಗಳೇ ಹಿಡಿಯುತ್ತವೆ.

ಆದರೆ ನಮಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಆ ವಿಳಂಬವೇ. ನೋಟದ ವ್ಯಾಪ್ತಿಯನ್ನು ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ನೋಟ ಸಾಕಷ್ಟು ಕುಗ್ಗಿದ್ದರೂ ಪದರದ ದಪ್ಪ ಬಹುಮಟ್ಟಿಗೆ ಉಳಿದಿದೆಯೆಂದರೆ, ತಂತುಗಳು ಸತ್ತಿಲ್ಲ, ಒತ್ತಡದಿಂದ ಕೆಲಸ ನಿಲ್ಲಿಸಿವೆ, ಗಡ್ಡೆ ತೆಗೆದರೆ ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು ಎಂದು ನರಶಸ್ತ್ರಚಿಕಿತ್ಸಕರು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ವಿವರಿಸಿದರು. ಮೂಗಿನ ಮೂಲಕ ಶಸ್ತ್ರಚಿಕಿತ್ಸೆಯಾದ ನಂತರ ಅಕ್ಕನ ನೋಟ ಸುಧಾರಿಸಿತು. ಮ್ಯಾಕ್ಯುಲದ ಹಳದಿ ಹಾಗೆಯೇ ಉಳಿಯಿತು. ನಶಿಸಿದ ಪದರ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಅದಕ್ಕೆ ಗಾಬರಿಪಡಬೇಕಾಗಿಲ್ಲ. ಚೇತರಿಕೆಯನ್ನು ತೋರಿಸುವುದು ಫೀಲ್ಡ್ ಟೆಸ್ಟು.

ಬೇರೆ ಬೇರೆ ಕಂಪನಿಗಳ ಯಂತ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದ ಕಾರಣ ಮುಂದಿನ ಸ್ಕ್ಯಾನನ್ನೂ ಅಲ್ಲಿಯೇ ಮಾಡಿಸುತ್ತೇವೆ. ಈ ಸಲ ಮ್ಯಾಕ್ಯುಲದ ಪುಟವೂ ಬೇಕೆಂದು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಂಡಿದ್ದೇವೆ.